ಮರಿ ಪೆಟ್ಟಿಗೆಗೆ ಒಂದು ಚೀಟಿ ಹಚ್ಚಿಸಿ: ಪಶುಪಾಲನಾ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಬೆಂಗಳೂರು
ಹಾಗೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಉಪನಿರ್ದೇಶಕರು

ವಿಷಯ: ಕೋಳಿಮರಿ ಮಾರುವಾಗ ತಳಿ, ಗಂಡು-ಹೆಣ್ಣು, ಲಸಿಕೆಯ ವಿವರ ಬರೆದುಕೊಡುವುದನ್ನು ಕಡ್ಡಾಯ ಮಾಡುವ ಬಗ್ಗೆ

ಮಾನ್ಯರೇ,

ನಾನು ಅರಸೀಕೆರೆ ತಾಲ್ಲೂಕಿನ ರೈತ ಹೆಂಗಸು. ಕಡೂರು ಗಡಿ ನಮ್ಮೂರಿಗೆ ಹತ್ತಿರ, ಸಂತೆಗೆ ಎರಡೂ ಕಡೆ ಹೋಗುತ್ತೇವೆ. ತೆಂಗಿನ ತೋಟದಲ್ಲಿ ಕೋಳಿ ಸಾಕುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದ ಉಳಿದ ಹೆಂಗಸರೂ ಸಾಕುತ್ತಾರೆ. ನಮ್ಮ ದೂರು ದೊಡ್ಡದೇನಲ್ಲ. ದುಡ್ಡು ಕೊಟ್ಟು ತರುವ ಮರಿ ಯಾವ ತಳಿ, ಗಂಡೋ ಹೆಣ್ಣೋ, ಲಸಿಕೆ ಆಗಿದೆಯೋ ಇಲ್ಲವೋ ಅಂತ ಬರೆದುಕೊಡುವವರು ನಮಗೆ ಇವತ್ತಿನವರೆಗೂ ಸಿಕ್ಕಿಲ್ಲ. ಬಾಯಿಮಾತಿನಲ್ಲಿ ಎಲ್ಲರೂ ಹೇಳುತ್ತಾರೆ. ಬರೆದು ಕೊಡಿ ಅಂದರೆ ಆಟೋ ಸ್ಟಾರ್ಟ್ ಮಾಡುತ್ತಾರೆ.

ನಡೆದದ್ದನ್ನು ಹೇಳುತ್ತೇನೆ. ಹೋದ ವರ್ಷ ಮಳೆ ನಿಂತ ಮೇಲೆ ಊರಿಗೆ ಒಂದು ಗೂಡ್ಸ್ ಆಟೋ ಬಂತು. ಹಿಂದೆ ತೂತು ಕೊರೆದ ರಟ್ಟಿನ ಪೆಟ್ಟಿಗೆಗಳು. ‘ಗಿರಿರಾಜ, ಎಲ್ಲಾ ಹೇಟೆ, ಆರು ತಿಂಗಳಿಗೆ ಮೊಟ್ಟೆ’ ಅಂದ ಮಾರುವವನು. ಗಿರಿರಾಜ ಅಂದರೆ ಹಿತ್ತಲಲ್ಲಿ ಸಾಕುವ ಬಣ್ಣದ ಕೋಳಿಯ ಒಂದು ತಳಿ. ಸಂಘದಿಂದ ಸಾಲ ತೆಗೆದು ಒಬ್ಬೊಬ್ಬರು 20, 25 ಮರಿ ಕೊಂಡರು. ಮರಿಗಳು ಕಂದು, ಕಪ್ಪು, ಬೂದು ಹೀಗೆ ಬಗೆಬಗೆಯಾಗಿದ್ದವು. ನೋಡಿದರೆ ಗಿರಿರಾಜ ಅಂತ ಯಾರಾದರೂ ನಂಬಬೇಕು.

ವಾರ ಕಳೆಯುವುದರೊಳಗೆ ರೆಕ್ಕೆಯಲ್ಲಿ ಬಿಳಿ ಗರಿ ಮೂಡಿತು. ಮರಿ ಹಿಡಿದರೆ ಕೈಗೆ ಬಣ್ಣ ಹತ್ತುತ್ತಿತ್ತು. ನೀರಿನ ತಟ್ಟೆಯಲ್ಲಿ ಒಂದು ತೆಳು ಕಂದು ಕಲೆ, ತೊಳೆದಷ್ಟೂ ಬರುತ್ತಿತ್ತು. ಐದಾರು ವಾರಕ್ಕೆ ತಲೆ ಮೇಲೆ ಕೆಂಪು ಜುಟ್ಟು ಎದ್ದು ನಿಂತಿತು. ಎರಡು ತಿಂಗಳು ತಿಂದರೂ ಯಾವ ಮರಿಯೂ ಮುಕ್ಕಾಲು ಕೆಜಿ ದಾಟಲಿಲ್ಲ. ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ಒಂದೂ ಹೇಟೆ ಅಲ್ಲ. ಬಿಳಿ ಲೆಗ್‌ಹಾರ್ನ್ ಜಾತಿಯ ಹುಂಜಗಳು. ಮೊಟ್ಟೆ ಕೋಳಿಯ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕಡೆ, ಬೇಡ ಅಂತ ಆಚೆ ಹಾಕುವ ಮರಿಗಳು.

ಇದು ನಿಮಗೆ ಹೊಸ ವಿಷಯವಲ್ಲ. ಮೊಟ್ಟೆ ಕೋಳಿಯ ತಳಿಯಲ್ಲಿ ಹುಟ್ಟುವ ಮರಿಯಲ್ಲಿ ಸುಮಾರು ಅರ್ಧ ಗಂಡು. ಅವು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ತರಹ ಮೈಯನ್ನೂ ಕಟ್ಟುವುದಿಲ್ಲ. ಸಾಕಿದರೆ ಮೇವಿನ ದುಡ್ಡೂ ಹುಟ್ಟುವುದಿಲ್ಲ ಅಂತ ಹೆಚ್ಚಿನ ದೇಶಗಳಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿಯಲ್ಲಿ 2022ರಿಂದ ಹಾಗೆ ಕೊಲ್ಲುವಂತಿಲ್ಲ. ಅಲ್ಲಿ ಮೊಟ್ಟೆಯೊಳಗೆ ಇರುವಾಗಲೇ ಗಂಡೋ ಹೆಣ್ಣೋ ಪತ್ತೆ ಮಾಡುವ ಯಂತ್ರಗಳು ಬಂದಿವೆ. ನಮ್ಮಲ್ಲಿ ಅವಕ್ಕೆ ಬಣ್ಣ ಹಾಕಿ ಹಳ್ಳಿಗೆ ಕಳಿಸುತ್ತಾರೆ.

ಗಂಡುಮರಿ ಮಾರಲೇಬಾರದು ಅಂತ ನಾವು ಹೇಳುತ್ತಿಲ್ಲ. ಹುಂಜ ಅಂತ ಹೇಳಿ, ಹುಂಜದ ಬೆಲೆಗೆ ಮಾರಲಿ. ಬೇಕಾದವರು ಕೊಳ್ಳುತ್ತಾರೆ. ‘ಒಂದು ದಿನದ ಮರಿ, ಗಂಡು ಹೆಣ್ಣು ನಮಗೂ ಗೊತ್ತಾಗಲ್ಲಮ್ಮ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಗಂಡು ಹೆಣ್ಣು ಬೇರೆ ಮಾಡದೆ ಮರಿ ಹೊರಗೆ ಬರುವುದೇ ಇಲ್ಲ. ಕೆಲವು ತಳಿಯಲ್ಲಿ ರೆಕ್ಕೆಯ ಗರಿ ಬೆಳೆದಿರುವ ಉದ್ದ ನೋಡಿ ಹೇಳುತ್ತಾರೆ. ಕಂದು ಮೊಟ್ಟೆಯ ತಳಿಯಲ್ಲಿ ಹೆಣ್ಣುಮರಿ ಕಂದು, ಗಂಡುಮರಿ ತಿಳಿ ಹಳದಿ. ಬಣ್ಣವೇ ಹೇಳಿಬಿಡುತ್ತದೆ. ಉಳಿದದ್ದರಲ್ಲಿ ಮಲದ್ವಾರ ನೋಡಿ ಹೇಳುವ ಪಳಗಿದ ಕೈಗಳಿವೆ. ಇನ್ನು ಗಿರಿರಾಜದಂಥ ಹಿತ್ತಲ ತಳಿಯನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೆರೆಸಿಯೇ ಕೊಡುತ್ತಾರೆ, ಯಾಕೆಂದರೆ ಅದರ ಹುಂಜಕ್ಕೂ ಒಳ್ಳೆಯ ಬೆಲೆ ಇದೆ. ಹಾಗಾಗಿ ‘ಗಿರಿರಾಜ, ಎಲ್ಲಾ ಹೇಟೆ’ ಅನ್ನುವ ಮಾತೇ ಅನುಮಾನಕ್ಕೆ ಸಾಕು. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು.

(ಒಂದು ಮಾತು ನಡುವೆ. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುವುದು ಹೇಟೆಯ ಕಡೆಯ ವರ್ಣತಂತು. ಹೇಟೆಯಲ್ಲಿ ಝಡ್ ಮತ್ತು ಡಬ್ಲ್ಯು ಅನ್ನುವ ಎರಡು ಬಗೆಯ ವರ್ಣತಂತುಗಳೂ ಇರುತ್ತವೆ, ಹುಂಜದಲ್ಲಿ ಎರಡೂ ಝಡ್. ಮನುಷ್ಯರಲ್ಲಿ ಅದು ಗಂಡಸಿನ ಕಡೆಯಿಂದ. ನಮ್ಮೂರಲ್ಲಿ ಹೆಣ್ಣು ಹುಟ್ಟಿತು ಅಂತ ಸೊಸೆಯನ್ನು ಬೈಯುವವರು ಇನ್ನೂ ಇದ್ದಾರೆ. ತಾಯಿಯೇ ಕಾರಣ ಅನ್ನುವ ಅವರ ನ್ಯಾಯ ಕೋಳಿಗೆ ಸರಿ, ಸೊಸೆಗೆ ಅಲ್ಲ.)

ಅದೇ ಹೊತ್ತಿಗೆ ಇನ್ನೊಬ್ಬ ಮಾರಾಟಗಾರನಿಂದ ತಂದ ಮರಿಗಳ ಕಥೆ ಬೇರೆ. ಅವು ಚೆನ್ನಾಗಿಯೇ ಬೆಳೆದವು. ಮೂರು ತಿಂಗಳು ತುಂಬುವ ಹೊತ್ತಿಗೆ ಒಂದೊಂದೇ ಕುಂಟಲು ಶುರುವಾಯಿತು. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದುಕೊಳ್ಳುತ್ತಿದ್ದವು. ಕಣ್ಣು ಚುರುಕಾಗಿಯೇ ಇರುತ್ತಿತ್ತು, ಎದುರಿಗೆ ರಾಗಿ ಹಾಕಿದರೆ ಬಿದ್ದಲ್ಲಿಂದಲೇ ಕುಕ್ಕುತ್ತಿದ್ದವು. ಆದರೆ ಏಳಲು ಆಗುತ್ತಿರಲಿಲ್ಲ. ಕೊಕ್ಕರೆ ರೋಗ (ರಾಣಿಖೇತ್) ಅಂತ ಕೆಲವರು ಬೇವಿನ ಸೊಪ್ಪು ಅರೆದು ಕುಡಿಸಿದರು. ಪಶುವೈದ್ಯರು ಬಂದು ಸತ್ತ ಒಂದನ್ನು ಕೊಯ್ದು ತೊಡೆಯ ಒಳಗಿನ ನರ ತೋರಿಸಿದರು. ಒಂದು ಕಾಲಿನದು ತೆಳ್ಳಗೆ, ಬೆಳ್ಳಗೆ ಇತ್ತು. ಇನ್ನೊಂದು ಕಾಲಿನದು ಅದರ ಎರಡರಷ್ಟು ದಪ್ಪ, ಹಳದಿಗೆ ತಿರುಗಿತ್ತು. ಮ್ಯಾರೆಕ್ಸ್ ಅಂದರು, ಕೋಳಿಯ ನರಕ್ಕೆ ಬರುವ ಒಂದು ವೈರಸ್ ರೋಗ. ಬಂದ ಮೇಲೆ ಔಷಧಿ ಇಲ್ಲ. ಲಸಿಕೆಯನ್ನು ಮೊಟ್ಟೆ ಒಡೆದು ಹೊರಬಂದ ದಿನವೇ, ಹ್ಯಾಚರಿಯಲ್ಲೇ ಹಾಕಬೇಕು.

ಇಲ್ಲಿ ನೋಡಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ ಹಾಕುವುದು, ಎರಡು ತಿಂಗಳಿಗೆ ಸೂಜಿ ಚುಚ್ಚಿಸುವುದು ನಮ್ಮ ಕೈಯಲ್ಲಿದೆ, ಮಾಡುತ್ತೇವೆ. ಮ್ಯಾರೆಕ್ಸ್ ನಮ್ಮ ಕೈಯಲ್ಲಿ ಇಲ್ಲ. ಅದು ಹ್ಯಾಚರಿಯವರ ಕೆಲಸ. ಅವರು ಮಾಡಿದರೋ ಇಲ್ಲವೋ ತಿಳಿಯುವ ದಾರಿ ನಮಗಿಲ್ಲ. ಸಂಘದ ಲೆಕ್ಕ ಬರೆಯುವವಳು ನಾನೇ. ಯಾರ ಮನೆಯಲ್ಲಿ ಎಷ್ಟು ಸತ್ತವು, ಯಾರ ಕಂತು ನಿಂತಿತು ಎಲ್ಲಾ ಪುಸ್ತಕದಲ್ಲಿದೆ, ನಿಮ್ಮ ಅಧಿಕಾರಿಗಳು ಕೇಳಿದರೆ ತೋರಿಸುತ್ತೇನೆ.

ದೂರು ಹೇಳಿದಾಗ ಮಾರಿದವರು ಹೇಳುವುದು ಒಂದೇ ಮಾತು: ‘ನೀವು ಸರಿಯಾಗಿ ಮೇವು ಹಾಕಿಲ್ಲ.’ ಇದಕ್ಕೆ ಉತ್ತರ ಎಲ್ಲಿಂದಲೋ ಸಿಕ್ಕಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಹಳೆಯ ತಳಿಯನ್ನೂ 2005ರ ಬ್ರಾಯ್ಲರ್ ತಳಿಯನ್ನೂ ಒಂದೇ ಮೇವು ಕೊಟ್ಟು ಒಟ್ಟಿಗೆ ಸಾಕಿ ನೋಡಿದ್ದಾರೆ. 56 ದಿನಕ್ಕೆ ಹಳೆಯದು ತೂಗಿದ್ದು 905 ಗ್ರಾಂ. ಹೊಸದು 4,202 ಗ್ರಾಂ. ಮೇವು ಒಂದೇ, ದಿನ ಒಂದೇ, ಬೇರೆ ಇದ್ದದ್ದು ರಕ್ತ ಮಾತ್ರ. ತಳಿಯಿಂದಲೇ ಇಷ್ಟು ವ್ಯತ್ಯಾಸ ಬರುವಾಗ ತಳಿ ಯಾವುದು ಅಂತ ಮುಚ್ಚಿಟ್ಟು ಮಾರುವುದು ತೂಕದಲ್ಲಿ ಮೋಸ ಮಾಡಿದಂತೆಯೇ ಅಲ್ವಾ?

ಗಿರಿರಾಜದ ಮೇಲೆ ನಮಗೆ ಸಿಟ್ಟಿಲ್ಲ. ಅದು ನಮ್ಮದೇ ರಾಜ್ಯದ ಹೆಮ್ಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಕೊಟ್ಟದ್ದು. ನಾಟಿ ಹೇಟೆ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಇದು 130ರಿಂದ 150 ಇಡುತ್ತದೆ. 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಸ್ವರ್ಣಧಾರ ಬಂತು, ಅದು 180 ದಾಟುತ್ತದೆ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಿಂದ ಕಾವೇರಿ, ಹೈದರಾಬಾದಿನಿಂದ ವನರಾಜ. ಒಳ್ಳೆಯ ತಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಆ ಮರಿ ನಿಜವಾಗಿ ನಮ್ಮ ಹಟ್ಟಿಗೆ ಬರುವ ದಾರಿಯಲ್ಲಿ.

ಆ ದಾರಿಯಲ್ಲೇ ಇನ್ನೊಂದು ಮೋಸ ನಡೆಯುತ್ತದೆ, ಕೆಲವೊಮ್ಮೆ ಗೊತ್ತಿಲ್ಲದೆಯೂ ನಡೆಯುತ್ತದೆ. ಇಂಥ ತಳಿಗಳು ಬೇರೆ ಬೇರೆ ತಂದೆ ಸಾಲು, ತಾಯಿ ಸಾಲುಗಳನ್ನು ಕೂಡಿಸಿ ಮಾಡಿದವು. ಆ ಕೂಡಿಕೆಯಿಂದ ಬಂದ ಮೊದಲ ಮರಿಯಲ್ಲಿ ಎರಡೂ ಕಡೆಯ ಗುಣ ಸೇರಿ ಕಸುವು ಜಾಸ್ತಿ. ಅದೇ ಮರಿ ದೊಡ್ಡದಾಗಿ ತಮ್ಮತಮ್ಮಲ್ಲೇ ಕೂಡಿ ಇಟ್ಟ ಮೊಟ್ಟೆಯನ್ನು ಮರಿ ಮಾಡಿಸಿದರೆ ಗುಣ ಒಡೆದು ಹಂಚಿಹೋಗುತ್ತದೆ. ಒಂದು ಅಜ್ಜನ ಕಡೆ, ಒಂದು ಅಜ್ಜಿಯ ಕಡೆ, ಒಂದು ಯಾವ ಕಡೆಯೂ ಅಲ್ಲ. ಅರಸೀಕೆರೆ, ಕಡೂರು, ತರೀಕೆರೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈಬ್ರಿಡ್ ಮುಸುಕಿನ ಜೋಳದ ತೆನೆಯನ್ನೇ ಮರುವರ್ಷ ಬಿತ್ತಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಬಿತ್ತುವುದಿಲ್ಲ. ಕೋಳಿಯಲ್ಲಿ ಮಾತ್ರ ಎರಡನೇ ಪೀಳಿಗೆಯ ಮರಿಯನ್ನು ಅದೇ ಹೆಸರಿಗೆ, ಅದೇ ಬೆಲೆಗೆ ಮಾರುತ್ತಾರೆ. ಸಣ್ಣ ಇನ್‌ಕ್ಯುಬೇಟರ್ ಈಗ ಯಾರು ಬೇಕಾದರೂ ಕೊಳ್ಳಬಹುದು. 37.5 ಡಿಗ್ರಿ ಶಾಖ, 21 ದಿನ, ಮರಿ ರೆಡಿ. ತಂದೆ ತಾಯಿ ಯಾರು ಅಂತ ಯಾರೂ ಕೇಳುವುದಿಲ್ಲ.

ಬ್ರಾಯ್ಲರ್ ಶೆಡ್ ಇಟ್ಟಿರುವ ನಮ್ಮ ಕಡೆಯ ಹುಡುಗರದ್ದೂ ಇದೇ ಗೋಳು, ರೂಪ ಬೇರೆ. ಮರಿ, ಮೇವು ಎಲ್ಲಾ ಕಂಪನಿಯದು, ಇವರಿಗೆ ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ. ಆಗಷ್ಟೇ ಮೊಟ್ಟೆ ಇಡಲು ಶುರುಮಾಡಿದ ಎಳೆಯ ತಾಯಿಕೋಳಿಯ ಮೊಟ್ಟೆ ಸಣ್ಣದು, ಅದರಿಂದ ಬರುವ ಮರಿಯೂ ಸಣ್ಣದು. ಮರಿಯ ತೂಕ ಮೊಟ್ಟೆಯ ತೂಕದ ಮೂರನೇ ಎರಡು ಪಾಲಿನಷ್ಟು ಇರುತ್ತದೆ, ಅಷ್ಟೆ. ಅಂಥ ಮರಿ ಮೊದಲ ವಾರದಲ್ಲಿ ಜಾಸ್ತಿ ಸಾಯುತ್ತದೆ. ಮುದಿ ತಾಯಿಯ ಮರಿ, ಎಳೆ ತಾಯಿಯ ಮರಿ ಒಂದೇ ಶೆಡ್ಡಿಗೆ ಬಂದರೆ ಕೊನೆಯವರೆಗೂ ಹಿಂಡು ಸಮ ಆಗುವುದಿಲ್ಲ. ಕೂಲಿ ಕಡಿಮೆಯಾಗುವುದು ಸಾಕಿದವನಿಗೆ. ತಾಯಿಕೋಳಿಗೆ ಎಷ್ಟು ವಾರ ಅಂತ ಬರೆದುಕೊಡುವುದರಲ್ಲಿ ಕಂಪನಿಗೆ ಏನು ಕಷ್ಟ?

ಇನ್ನು ನಾಟಿ ಕೋಳಿಯ ವಿಷಯ. ಇದನ್ನು ಸ್ವಲ್ಪ ಸಾವಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ. ನಷ್ಟದ ದುಡ್ಡು ಎರಡು ವರ್ಷಕ್ಕೆ ತೀರುತ್ತದೆ, ಇದು ತೀರುವ ನಷ್ಟ ಅಲ್ಲ.

ನಾಟಿ ಹೇಟೆ 12, 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಮಂಕರಿಯಲ್ಲಿ ಹುಲ್ಲು ಹಾಸಿ ಕೂರಿಸಿದರೆ 21 ದಿನ ಮೇವಿಗೆ ನೀರಿಗೆ ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಗುರ್ ಅಂದು ಕುಕ್ಕುತ್ತದೆ. ಮರಿಯಾದ ಮೇಲೆ ಹದ್ದು ಬಂದರೆ ಒಂದು ಸದ್ದು, ಮುಂಗುಸಿ ಬಂದರೆ ಇನ್ನೊಂದು ಸದ್ದು, ಮರಿಗಳು ರೆಕ್ಕೆಯಡಿ ಸೇರಿಬಿಡುತ್ತವೆ. ಈ ಕಾವಿನ ಬುದ್ಧಿ ರಕ್ತದಲ್ಲಿ ಬರುವುದು. ಕಾವಿಗೆ ಕೂತಷ್ಟು ದಿನ ಹೇಟೆ ಮೊಟ್ಟೆ ಇಡುವುದಿಲ್ಲವಲ್ಲ, ಅದಕ್ಕೇ ಮೊಟ್ಟೆ ತಳಿ ಮಾಡಿದವರು ಆ ಗುಣವನ್ನು ತಲೆತಲಾಂತರದಿಂದ ಆರಿಸಿ ಆರಿಸಿ ತೆಗೆದಿದ್ದಾರೆ. ಲೆಗ್‌ಹಾರ್ನ್ ಕಾವಿಗೆ ಕೂರುವುದು ಕಾಣಸಿಗುವುದೇ ಇಲ್ಲ. ಗಿರಿರಾಜವೂ ಅಪರೂಪ.

ಈಗ ಊರಿನಲ್ಲಿ ಆಗುತ್ತಿರುವುದು ಇದು. ಬಣ್ಣದ ಮರಿಯಾಗಿ ಬಂದ ಹುಂಜ, ಎರಡನೇ ಪೀಳಿಗೆಯ ದೊಡ್ಡ ಹುಂಜ ಇವೆಲ್ಲ ಬೀದಿಯಲ್ಲಿ ಓಡಾಡಿಕೊಂಡು ಎಲ್ಲರ ಮನೆಯ ಹೇಟೆಯನ್ನೂ ಕೂಡುತ್ತವೆ. ಒಂದು ಸಲ ಕೂಡಿದರೆ ವೀರ್ಯ ಹೇಟೆಯ ಮೈಯಲ್ಲಿ ಎರಡು ವಾರ ಉಳಿಯುತ್ತದೆ. ಹುಂಜವನ್ನು ಮಾರಿದ ಮೇಲೂ ಅದರ ಮರಿ ಹುಟ್ಟುತ್ತಲೇ ಇರುತ್ತದೆ. ಹಾಗೆ ಹುಟ್ಟಿದ ಹೇಟೆಗಳಲ್ಲಿ ಕೆಲವು ನಾಲ್ಕು ದಿನ ಕಾವಿಗೆ ಕೂತು ಎದ್ದು ಹೋಗುತ್ತವೆ. ಮೊಟ್ಟೆ ಕೊಳೆಯುತ್ತದೆ. ಕಾವಿಗೆ ಸರಿಯಾಗಿ ಕೂರುವ ಒಂದು ಹೇಟೆಯನ್ನು ನಮ್ಮ ಬೀದಿಯಲ್ಲಿ ಈಗ ಕೇಳಿ ಸಾಲ ತರುತ್ತಾರೆ. ಇದೇ ಕಥೆಯನ್ನು ಬೇಲೂರು ಕಡೆಯ ನೆಂಟರೂ ಹೇಳುತ್ತಾರೆ, ಮೂಡಿಗೆರೆ ತೋಟದ ಕೂಲಿ ಲೈನಿನ ಮನೆಯವರೂ ಹೇಳುತ್ತಾರೆ.

ಇನ್ನೊಂದು ಉದಾಹರಣೆ, ಕುತ್ತಿಗೆ ಬೋಳಿರುವ ಕೋಳಿ. ನೋಡಲು ಚೆಂದ ಇಲ್ಲ ಅಂತ ಹಬ್ಬಕ್ಕೆ ಮೊದಲು ಅದನ್ನೇ ಕೊಯ್ಯುತ್ತಾರೆ. ಅದು ರೋಗ ಅಲ್ಲ, ಒಂದೇ ಒಂದು ಜೀನಿನ ಗುಣ. ಮೈಮೇಲಿನ ಪುಕ್ಕ ಕಡಿಮೆ ಇರುವುದರಿಂದ ಬಿಸಿಲಿನಲ್ಲಿ ಮೈ ಬೇಗ ತಣಿಯುತ್ತದೆ. ಬಿಸಿ ನಾಡಿನ ತಳಿಗೆ ಬೇಕು ಅಂತ ದೇಶ ವಿದೇಶದ ವಿಜ್ಞಾನಿಗಳು ಹುಡುಕುವ ಗುಣ ಇದು. ಕಡೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಅದರ ಬೆಲೆ ಗೊತ್ತಾಗಬೇಕು. ನಮ್ಮಲ್ಲಿ ಅದು ಸಾರಿಗೆ ಹೋಗುತ್ತಿದೆ.

ಅಜ್ಜಂಪುರದಲ್ಲಿ ಅಮೃತಮಹಲ್ ದನಕ್ಕೆ ಒಂದು ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ಕಾಲದಿಂದ ಆ ತಳಿಗೆ ಕಾವಲು, ಲೆಕ್ಕ, ಪುಸ್ತಕ ಎಲ್ಲಾ ಇತ್ತು, ಅದಕ್ಕೇ ಇವತ್ತು ಅದು ಉಳಿದಿದೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡುವಾಗ ಆ ಸಣ್ಣ ಸ್ಟ್ರಾ ಮೇಲೂ ಹೋರಿಯ ನಂಬರು, ತಾರೀಖು ಅಚ್ಚಾಗಿರುತ್ತದೆ. 1966ರ ಬೀಜ ಕಾಯ್ದೆ ಬಂದ ಮೇಲೆ ಬೀಜದ ಚೀಲಕ್ಕೂ ಚೀಟಿ ಇದೆ, ಅದರಲ್ಲಿ ತಳಿ, ಮೊಳಕೆ ಪ್ರಮಾಣ ಬರೆದಿರುತ್ತದೆ. ನಾಳೆ ಜೋಳ ಹುಟ್ಟದಿದ್ದರೆ ಆ ಚೀಟಿ ಹಿಡಿದು ಕೃಷಿ ಇಲಾಖೆಗೆ ಹೋಗಬಹುದು. ಕೋಳಿಮರಿ ಕೊಂಡವಳು ಏನು ಹಿಡಿದು ಎಲ್ಲಿಗೆ ಹೋಗಬೇಕು?

ಹಾಗಾಗಿ ನಮ್ಮ ಮೊದಲ ಬೇಡಿಕೆ ಪೆಟ್ಟಿಗೆಯ ಮೇಲೆ ಒಂದು ಚೀಟಿ. ಅದರಲ್ಲಿ ಕನ್ನಡದಲ್ಲಿ ತಳಿಯ ಹೆಸರು, ಮೊದಲ ಪೀಳಿಗೆಯೋ ಅಲ್ಲವೋ, ಗಂಡೋ ಹೆಣ್ಣೋ ಬೆರಕೆಯೋ, ಮರಿಯಾದ ತಾರೀಖು, ತಾಯಿಕೋಳಿಯ ವಯಸ್ಸು, ಮ್ಯಾರೆಕ್ಸ್ ಲಸಿಕೆ ಆಗಿದೆಯೋ ಇಲ್ಲವೋ, ಹ್ಯಾಚರಿಯ ಹೆಸರು ಮತ್ತು ಫೋನ್ ನಂಬರು ಇರಲಿ. ಚೀಟಿ ಇಲ್ಲದ ಮರಿಯನ್ನು ಸಂತೆಯಲ್ಲಿ, ಊರೂರಿನಲ್ಲಿ ಮಾರುವಂತಿಲ್ಲ ಅನ್ನಿ. ಮರಿಗೆ ಬಣ್ಣ ಹಾಕುವುದನ್ನಂತೂ ಪೂರ್ತಿ ನಿಲ್ಲಿಸಿ. ಅದಕ್ಕೆ ಯಾವ ಒಳ್ಳೆಯ ಕಾರಣವೂ ಇರಲು ಸಾಧ್ಯವಿಲ್ಲ. ಸಣ್ಣ ಹ್ಯಾಚರಿಯವರಿಗೆ ಹೊರೆಯಾಗುತ್ತದೆ ಅಂತ ಕೆಲವರು ಹೇಳಬಹುದು. ಒಂದು ಚೀಟಿಯ ಖರ್ಚು ಒಂದು ಮರಿಯ ಬೆಲೆಗಿಂತ ಕಡಿಮೆ. ನಿಯತ್ತಾಗಿ ಮಾಡುವ ಹ್ಯಾಚರಿಯವರು ನಮ್ಮ ಕಡೆ ಇದ್ದಾರೆ, ಕಳ್ಳಮರಿಯ ಬೆಲೆಗೆ ಪೈಪೋಟಿ ಕೊಡಲಾರದೆ ಸೋಲುತ್ತಿರುವವರೂ ಅವರೇ.

ಎರಡನೆಯದು, ನಿಜವಾದ ಮರಿ ಹತ್ತಿರದಲ್ಲಿ ಸಿಗಬೇಕು. ಹೆಸರಘಟ್ಟ, ಹೆಬ್ಬಾಳಕ್ಕೆ ಹೋಗಿ 20 ಮರಿ ತರುವುದು ನಮ್ಮ ಕೈಯಲ್ಲಿ ಆಗದ ಮಾತು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಹಿತ್ತಲ ತಳಿಯ ತಾಯಿಕೋಳಿ ಫಾರಂ ಮತ್ತು ಹ್ಯಾಚರಿ ಮಾಡುವವರಿಗೆ ಖರ್ಚಿನ ಅರ್ಧ, 25 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ನಮ್ಮಂಥ ಸಂಘಕ್ಕೆ ಬ್ಯಾಂಕಿನ ಕಾಗದ, ಯೋಜನಾ ವರದಿ ಬರೆಯುವುದೇ ದೊಡ್ಡ ಗುಡ್ಡ. ಎರಡು ಜಿಲ್ಲೆಗೆ ಒಂದೊಂದಾದರೂ ಘಟಕ ಹೆಂಗಸರ ಒಕ್ಕೂಟದ ಕೈಗೆ ಬರುವಂತೆ ನಿಮ್ಮ ಅಧಿಕಾರಿಗಳು ಕೂತು ಅರ್ಜಿ ಬರೆಸಿಕೊಡಲಿ. ತಂದೆ ಸಾಲು, ತಾಯಿ ಸಾಲಿನ ಮರಿ ವಿಶ್ವವಿದ್ಯಾಲಯದಿಂದ ನೇರ ಬರಲಿ. ಮರಿಯನ್ನು ನಾಲ್ಕು ವಾರ ಶಾಖ ಕೊಟ್ಟು ಸಾಕಿ, ಲಸಿಕೆ ಮುಗಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಬೆಲೆ ಜಾಸ್ತಿಯಾದರೂ ಕೊಳ್ಳುತ್ತೇವೆ, ಸಾಯುವ ಮರಿಗಿಂತ ಅದು ಅಗ್ಗ.

ಮೂರನೆಯದು ನಾಟಿ ಕೋಳಿಗೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಒಳಹಳ್ಳಿಗಳಲ್ಲಿ ಇನ್ನೂ ಬೆರಕೆಯಾಗದೆ ಉಳಿದಿರುವ ಕೋಳಿಯನ್ನು ಹುಡುಕಿ, ಬಣ್ಣ, ತೂಕ, ಮೊಟ್ಟೆ, ಕಾವು ಎಲ್ಲಾ ದಾಖಲೆ ಮಾಡಿ ಒಂದು ಮೂಲ ಹಿಂಡು ಅಲ್ಲಿ ಇಟ್ಟುಕೊಳ್ಳುವಂತೆ ವಿಶ್ವವಿದ್ಯಾಲಯದ ಜೊತೆ ಮಾತಾಡಿ. ವಿದ್ಯಾರ್ಥಿಗಳಿಗೂ ಒಳ್ಳೆಯ ಕೆಲಸ. ಅಲ್ಲಿಯವರೆಗೆ ಖರ್ಚೇ ಇಲ್ಲದ ಒಂದು ಕೆಲಸ ಇದೆ, ಹುಂಜ ಬದಲಿ. ಒಂದೇ ಹುಂಜ ಅಕ್ಕ ತಂಗಿ ಮಗಳು ಅಂತ ನೋಡದೆ ವರ್ಷಗಟ್ಟಲೆ ಕೂಡಿದರೆ ಮೊಟ್ಟೆ ಮರಿಯಾಗುವುದು ಕಡಿಮೆಯಾಗುತ್ತದೆ. ಹತ್ತು ಹೇಟೆಗೆ ಒಂದು ಹುಂಜ ಸಾಕು. ವರ್ಷಕ್ಕೊಮ್ಮೆ ದೂರದ ಊರಿನ ಒಳ್ಳೆಯ ನಾಟಿ ಹುಂಜಕ್ಕೆ ಬದಲಿ ಮಾಡಿಕೊಳ್ಳಲು ತಾಲ್ಲೂಕು ಪಶು ಆಸ್ಪತ್ರೆಯ ಅಂಗಳದಲ್ಲಿ ಒಂದು ದಿನ ಗೊತ್ತು ಮಾಡಿ. ಹಳೆಯ ಹುಂಜ ಹೋದ ಮೇಲೆ ಮೂರು ವಾರ ಬಿಟ್ಟು ಇಟ್ಟ ಮೊಟ್ಟೆಯನ್ನೇ ಕಾವಿಗೆ ಇಡಿ ಅಂತ ಅಲ್ಲೇ ಒಂದು ಮಾತು ಹೇಳಿದರೆ ಸಾಕು, ಉಳಿದದ್ದನ್ನು ಹೆಂಗಸರು ನೋಡಿಕೊಳ್ಳುತ್ತಾರೆ.

ಹೊಸ ಕಾಯ್ದೆ ಬೇಕು, ಸಮಿತಿ ಬೇಕು ಅಂತ ಚೀಟಿಯ ವಿಷಯ ಮುಂದಕ್ಕೆ ಹೋಗದಿರಲಿ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಮರಿ ಕೊಳ್ಳುತ್ತಾರೆ, ಯುಗಾದಿಯ ಹೊಸತೊಡಕಿಗೆ ಹುಂಜ ಮಾರಾಟಕ್ಕೆ ಬರಲಿ ಅಂತ. ಆಟೋಗಳು ಬರುವುದೂ ಆಗಲೇ. ಅದಕ್ಕೆ ಮುಂಚೆ ಈ ಎರಡು ಜಿಲ್ಲೆಯ ಸಂತೆಗಳಲ್ಲಾದರೂ ಚೀಟಿ ಇಲ್ಲದೆ ಮರಿ ಮಾರಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ದೂರು ಕೊಡಬೇಕಾದ ಅಧಿಕಾರಿ ಯಾರು ಅಂತ ಅದರಲ್ಲೇ ಬರೆಯಿರಿ, ಅದನ್ನು ಗ್ರಾಮ ಪಂಚಾಯಿತಿ ಬೋರ್ಡಿಗೂ ಹಾಲಿನ ಡೈರಿಯ ಗೋಡೆಗೂ ಅಂಟಿಸುವ ಕೆಲಸ ನಮ್ಮ ಸಂಘದ್ದು.

ಇಂತಿ ತಮ್ಮ ವಿಶ್ವಾಸಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಕೋಳಿ ಸಾಕಣೆದಾರಳು, ಸಂಘದ ಎಲ್ಲರ ಪರವಾಗಿ